ಎಚ್ಚರಿಸಿದವರ ಹೊಣೆ

2023ರ ನವೆಂಬರಿನಲ್ಲಿ ಹಾಸನ ಜಿಲ್ಲೆಯ ಬೇಲೂರು ಕಡೆ ಅಡ್ಡಾಡುತ್ತಿದ್ದ ಒಂದು ಮಖ್ನಾವನ್ನು, ಅಂದರೆ ಕೋರೆಯಿಲ್ಲದ ಗಂಡಾನೆಯನ್ನು, ಅರಣ್ಯ ಇಲಾಖೆಯವರು ಹಿಡಿದರು. ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಟ್ಟರು. ಆನೆಗೆ ರಾಜ್ಯದ ಗಡಿ ಯಾವ ಲೆಕ್ಕ? ಅದು ಕೇರಳದ ವಯನಾಡಿಗೆ ದಾಟಿತು. 2024ರ ಫೆಬ್ರುವರಿ 10ರ ಬೆಳಿಗ್ಗೆ ಮಾನಂತವಾಡಿಯ ಹತ್ತಿರ, ಪ್ರಾಣ ಉಳಿಸಿಕೊಳ್ಳಲು ಓಡಿ ಮನೆಯೊಂದರ ಅಂಗಳ ಸೇರಿದ್ದ ವ್ಯಕ್ತಿಯನ್ನು ಬೆನ್ನಟ್ಟಿ ಒಳನುಗ್ಗಿ ಕೊಂದಿತು. ವಯನಾಡಿನ ಜನ ಬೀದಿಗಿಳಿದರು. ಕಾಲರಿನ ಮಾಹಿತಿ ಸಕಾಲಕ್ಕೆ ಸಿಕ್ಕಿತೋ ಇಲ್ಲವೋ ಎಂದು ಎರಡು ರಾಜ್ಯಗಳ ನಡುವೆ ವಾದ ಎದ್ದಿತು. ಕರ್ನಾಟಕ 15 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಮುಂದಿನ ತಿಂಗಳು ಬಂಡೀಪುರದಲ್ಲಿ ಸಭೆ ಸೇರಿ, ಕಾಡುಪ್ರಾಣಿಗಳ ವಿಚಾರದಲ್ಲಿ ಮಾಹಿತಿ ಹಂಚಿಕೊಂಡು ಒಟ್ಟಾಗಿ ಕೆಲಸ ಮಾಡುವ ಒಪ್ಪಂದವೂ ಆಯಿತು.

ಆ ಆನೆ ಕತ್ತಲಲ್ಲಿ ಎಲ್ಲಿಂದಲೋ ಬಂದ ಅಪರಿಚಿತ ಆನೆಯಾಗಿರಲಿಲ್ಲ. ಅದಕ್ಕೊಂದು ಹೆಸರಿತ್ತು, ಇಲಾಖೆಯಲ್ಲಿ ಅದರ ಕಡತವಿತ್ತು, ತಾನು ಎಲ್ಲಿದ್ದೇನೆ ಎಂಬುದನ್ನು ತಿಳಿಸುವ ಸಾಧನವನ್ನು ಅದು ಕೊರಳಲ್ಲೇ ಹೊತ್ತು ತಿರುಗುತ್ತಿತ್ತು. ಹಾಗಿದ್ದೂ ಒಂದು ಜೀವ ಹೋಯಿತು. ಕೃತಕ ಬುದ್ಧಿಮತ್ತೆಯಿಂದ ಕಾಡನ್ನೂ ಜನರನ್ನೂ ಕಾಪಾಡುವ ಮಾತು ಬಂದಾಗಲೆಲ್ಲ ನನಗೆ ಈ ಘಟನೆ ನೆನಪಾಗುತ್ತದೆ. ನಾವು ಮತ್ತೆ ಮತ್ತೆ ಕೇಳುವುದು ಒಂದೇ ಪ್ರಶ್ನೆ: ಆನೆ ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಾಗುತ್ತದೆಯೇ? ಗೊತ್ತಾದ ಮೇಲೆ ಏನು ಮಾಡಬೇಕು, ಮಾಡಬೇಕಾದವರು ಯಾರು, ಮಾಡದಿದ್ದರೆ ಉತ್ತರ ಕೊಡಬೇಕಾದವರು ಯಾರು ಎಂದು ಕೇಳುವುದೇ ಇಲ್ಲ. ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಕಟ್ಟಿದವರು ಆ ಎಚ್ಚರಿಕೆಗೆ ತಾವೇ ಮೊದಲು ಬದ್ಧರಾಗಬೇಕು ಎಂಬುದು ನನ್ನ ವಾದ. ಈಗ ನಡೆಯುತ್ತಿರುವುದು ಇದರ ತಿರುವುಮುರುವು. ಸಂದೇಶ ಹೋದ ಕ್ಷಣದಿಂದ ಹೊಣೆಯೆಲ್ಲ ಅದನ್ನು ಪಡೆದವರ ತಲೆಯ ಮೇಲೆ ಬೀಳುತ್ತದೆ. ಪಡೆದವರು ಹೆಚ್ಚಿನ ಸಲ ಇಡೀ ಸರಪಳಿಯಲ್ಲೇ ತೀರ ಕಡಿಮೆ ಅಧಿಕಾರವಿರುವವರು.

ತಂತ್ರಜ್ಞಾನ ಬೇಡ ಎಂಬುದು ನನ್ನ ಅಭಿಪ್ರಾಯ ಅಲ್ಲವೇ ಅಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 500ಕ್ಕೂ ಹೆಚ್ಚು ಜನ ಆನೆಗಳಿಂದ ಸಾಯುತ್ತಾರೆ. ಮನುಷ್ಯರ ಕಾರಣದಿಂದ ನೂರರಷ್ಟು ಆನೆಗಳೂ ಸಾಯುತ್ತವೆ. 2023ರ ಗಣತಿಯಂತೆ 6,395 ಆನೆಗಳಿರುವ ಕರ್ನಾಟಕ ದೇಶದಲ್ಲೇ ಮೊದಲ ಸ್ಥಾನದಲ್ಲಿದೆ. ಆನೆಗಳೆಲ್ಲ ರಕ್ಷಿತಾರಣ್ಯದ ಒಳಗೇ ಇರುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲೇ ಹುಟ್ಟಿ ಬೆಳೆದ ಮರಿಗಳಿವೆ. ಇಂಥ ಕಡೆ ಆನೆಯ ಇರವು ಮೊದಲೇ ತಿಳಿಯುವುದು ಎಷ್ಟು ದೊಡ್ಡ ಉಪಕಾರ ಎಂಬುದಕ್ಕೆ ತಮಿಳುನಾಡಿನ ವಾಲ್ಪಾರೈ ಸಾಕ್ಷಿ.

ವಾಲ್ಪಾರೈ ಆನೆಮಲೆ ಬೆಟ್ಟಗಳ ನಡುವೆ ಸುಮಾರು 220 ಚದರ ಕಿಲೋಮೀಟರಿನ ಚಹಾ ತೋಟಗಳ ಪ್ರಸ್ಥಭೂಮಿ. ಸುತ್ತ ಎತ್ತ ನೋಡಿದರೂ ಕಾಡು. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಅವರ ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಆನೆಗಳ ಹಿಂದೆ ನಡೆದರು. ಜನ ಎಲ್ಲಿ ಸತ್ತರು, ಯಾವ ಹೊತ್ತಿನಲ್ಲಿ ಸತ್ತರು ಎಂದು ಒಂದೊಂದನ್ನೂ ಬರೆದಿಟ್ಟರು. ಸತ್ತವರಲ್ಲಿ ಬಹುಪಾಲು ಮಂದಿಗೆ ಆನೆ ಅಷ್ಟು ಹತ್ತಿರವಿದೆ ಎಂಬುದೇ ತಿಳಿದಿರಲಿಲ್ಲ ಎಂಬ ಸಂಗತಿ ಆಗ ಹೊರಬಂತು. ಆನೆ ಅವರನ್ನು ಹುಡುಕಿಕೊಂಡು ಬಂದಿರಲಿಲ್ಲ. ಮಬ್ಬುಗತ್ತಲಲ್ಲಿ ಇಬ್ಬರೂ ಎದುರುಬದುರಾಗಿದ್ದರು. ಹಾಗಾಗಿ ಮೊದಲು ಕೇಬಲ್ ಟಿವಿಯ ಪರದೆಯ ಕೆಳಗೆ ಸಂಜೆ ಹೊತ್ತು ಆನೆ ಇರುವ ಜಾಗದ ಸುದ್ದಿ ಓಡಿಸಿದರು. ಆಮೇಲೆ, 2011ರಿಂದ, ಮೊಬೈಲಿಗೆ ಸಂದೇಶ ಕಳಿಸಿದರು. ಜನ ಸತ್ತಿದ್ದ, ಬಸ್ಸಿಳಿದು ನಡೆಯುವ ತಿರುವುಗಳಲ್ಲಿ ಕೆಂಪು ದೀಪ ನಿಲ್ಲಿಸಿದರು. ದೂರದಿಂದಲೇ ಮೊಬೈಲಿನಲ್ಲಿ ಹೊತ್ತಿಸಬಹುದಾದ ಆ ದೀಪಗಳನ್ನು ನೋಡಿಕೊಳ್ಳುವ ಕೆಲಸ ಬರಬರುತ್ತ ಅಲ್ಲಿನ ಜನರದೇ ಆಯಿತು. ಸಾವು ಗಣನೀಯವಾಗಿ ಇಳಿಯಿತು. ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಯ ವಿಟ್ಲಿ ಪ್ರಶಸ್ತಿ ಬಂತು.

ಇದರಲ್ಲಿ ಕೃತಕ ಬುದ್ಧಿಮತ್ತೆಯ ಲವಲೇಶವೂ ಇರಲಿಲ್ಲ. ಇದ್ದದ್ದು ಹಳೆಯ ಕಾಲದ ಮೊಬೈಲು, ದೀಪ, ಮತ್ತು ಆ ಊರನ್ನು ಚೆನ್ನಾಗಿ ಬಲ್ಲ ಜನ. ಆದರೆ ಎಲ್ಲ ಕಡೆಯೂ ಮನುಷ್ಯರ ಕಣ್ಣು ಸಾಲದು. ರೈಲು ಹಳಿಯನ್ನೇ ನೋಡಿ. ವೇಗವಾಗಿ ಬರುತ್ತಿರುವ ರೈಲು ಬ್ರೇಕು ಹಾಕಿದ ಮೇಲೂ ನೂರಾರು ಮೀಟರು ಹೋಗಿಯೇ ನಿಲ್ಲುತ್ತದೆ. ರಾತ್ರಿ ತಿರುವಿನಲ್ಲಿ ಆನೆ ಕಾಣಿಸಿದಾಗ ಚಾಲಕ ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ. 2021ರ ನವೆಂಬರಿನಲ್ಲಿ ಮಂಗಳೂರಿನಿಂದ ಚೆನ್ನೈಗೆ ಹೊರಟ ಎಕ್ಸ್‌ಪ್ರೆಸ್ ಕೊಯಮತ್ತೂರು ಸಮೀಪದ ನವಕ್ಕರೈ ಬಳಿ ಮೂರು ಆನೆಗಳಿಗೆ ಬಡಿದಾಗ ಆದದ್ದು ಅದೇ. ಅದೇ ಹಳಿಯ ಮದುಕ್ಕರೈ ಭಾಗದಲ್ಲಿ 2024ರ ಫೆಬ್ರುವರಿಯಿಂದ ಹನ್ನೆರಡು ಗೋಪುರಗಳ ಮೇಲೆ ಕ್ಯಾಮೆರಾಗಳು ಕೂತಿವೆ. ಅವುಗಳಲ್ಲಿ ಮೈಯ ಶಾಖವನ್ನು ಹಿಡಿಯುವ ಥರ್ಮಲ್ ಕ್ಯಾಮೆರಾಗಳೂ ಇವೆ. ಚಿತ್ರದಲ್ಲಿರುವುದು ಆನೆಯೇ ಎಂದು ಕಂಪ್ಯೂಟರು ಗುರುತಿಸುತ್ತದೆ. ಹಳಿಯ ಅಂಚಿಗೆ ಅದು ಬರುವ ಮುನ್ನವೇ ನಿಯಂತ್ರಣ ಕೊಠಡಿಗೂ ಅರಣ್ಯ ಸಿಬ್ಬಂದಿಗೂ ರೈಲ್ವೆಗೂ ಸುದ್ದಿ ಹೋಗುತ್ತದೆ. ಮೊದಲ ವರ್ಷದಲ್ಲಿ ಅಲ್ಲಿ ಒಂದು ಆನೆಯೂ ರೈಲಿಗೆ ಸಿಕ್ಕಿಲ್ಲ ಎಂದು ತಮಿಳುನಾಡು ಅರಣ್ಯ ಇಲಾಖೆ ಹೇಳಿದೆ.

ಈಶಾನ್ಯ ಗಡಿ ರೈಲ್ವೆ 2022ರ ಕೊನೆಗೆ ಪ್ರಯೋಗಕ್ಕಿಳಿಸಿದ, ಆಮೇಲೆ ‘ಗಜರಾಜ್’ ಎಂದು ಹೆಸರಿಟ್ಟ ಉಪಾಯ ನನಗೆ ಇನ್ನೂ ಮೆಚ್ಚು. ಹಳಿಯ ಪಕ್ಕದ ಮಣ್ಣಿನಲ್ಲಿ ಸಂಪರ್ಕಕ್ಕೆಂದು ಹಾಕಿದ ಗಾಜಿನ ಎಳೆಯ ಕೇಬಲ್ ಹೇಗೂ ಇದೆ. ಅದರೊಳಗೆ ಬೆಳಕಿನ ಮಿಡಿತಗಳನ್ನು ಕಳಿಸಿದರೆ ಅಷ್ಟಿಷ್ಟು ಬೆಳಕು ದಾರಿಯುದ್ದಕ್ಕೂ ಹಿಂದಕ್ಕೆ ಚೆದುರುತ್ತಿರುತ್ತದೆ. ಮೇಲೆ ಯಾರಾದರೂ ನಡೆದರೆ ನೆಲ ಅದುರುತ್ತದೆ, ಎಳೆ ಅದುರುತ್ತದೆ, ಮರಳುವ ಬೆಳಕಿನಲ್ಲಿ ಆ ಅದುರು ಮೂಡುತ್ತದೆ. ಮನುಷ್ಯ ನಡೆದರೆ ಒಂದು ಬಗೆ, ರೈಲು ಬಂದರೆ ಒಂದು ಬಗೆ, ಆನೆಯ ಹೆಜ್ಜೆಗೆ ಬೇರೆಯದೇ ಬಗೆ. ಈ ವ್ಯತ್ಯಾಸವನ್ನು ಸಾವಿರಾರು ಮಾದರಿಗಳಿಂದ ಕಲಿತು ಹೇಳುವುದೇ ಯಂತ್ರದ ಕೆಲಸ. ಹೊಸದಾಗಿ ಕಾಡು ಅಗೆಯಬೇಕಾಗಿಲ್ಲ, ಕಂಬ ನೆಡಬೇಕಾಗಿಲ್ಲ. ಕೃತಕ ಬುದ್ಧಿಮತ್ತೆ ಎಂದೊಡನೆ ನೀರು ಮತ್ತು ವಿದ್ಯುತ್ತನ್ನು ಕುಡಿಯುವ ಬೃಹತ್ ದತ್ತಾಂಶ ಕೇಂದ್ರಗಳನ್ನು ನೆನೆದು ಕಳವಳಪಡುವವರಿದ್ದಾರೆ. ಆ ಕಳವಳ ಸರಿಯಾದದ್ದೇ. ಆದರೆ ಒಂದೇ ಒಂದು ಕೆಲಸವನ್ನು ಕಲಿತ ಇಂಥ ಸಣ್ಣ ವ್ಯವಸ್ಥೆಗಳ ಹಸಿವು ಅಷ್ಟು ದೊಡ್ಡದಲ್ಲ.

ಹಳಿಯ ಮೇಲೆ ಇದು ಕೆಲಸ ಮಾಡುವುದಕ್ಕೆ ಯಂತ್ರದ ಚುರುಕುತನವೊಂದೇ ಕಾರಣವಲ್ಲ. ರೈಲ್ವೆಯಲ್ಲಿ ಸುದ್ದಿ ತಲುಪುವುದು ಏನಾದರೂ ಮಾಡಲೇಬೇಕಾದವರಿಗೆ. ಸ್ಟೇಷನ್ ಮಾಸ್ಟರಿಗೆ ನಿಯಮವಿದೆ. ಕಾಷನ್ ಆರ್ಡರ್ ಬಂದರೆ ಚಾಲಕ ವೇಗ ಇಳಿಸಲೇಬೇಕು. ರೈಲು ತಡವಾದರೆ ಅವನ ಸಂಬಳ ಕಡಿಯುವುದಿಲ್ಲ, ಇಳಿಸದಿದ್ದರೆ ಮಾತ್ರ ವಿಚಾರಣೆ ಎದುರಿಸಬೇಕು. ಎಲ್ಲಕ್ಕೂ ದಾಖಲೆ ಉಳಿಯುತ್ತದೆ. ಯಂತ್ರ ನೋಡಿದ್ದಕ್ಕೂ ಮನುಷ್ಯ ಮಾಡುವುದಕ್ಕೂ ನಡುವೆ ನೂರು ವರ್ಷಕ್ಕೂ ಹಳೆಯ ಶಿಸ್ತೊಂದು ಮೊದಲೇ ಸಿದ್ಧವಾಗಿ ನಿಂತಿದೆ. ಅಲ್ಲಿಯೂ ಕೊರತೆ ಇದ್ದೇ ಇದೆ. 2025ರ ಡಿಸೆಂಬರಿನಲ್ಲಿ ಅಸ್ಸಾಮಿನ ಹೊಜಾಯಿ ಜಿಲ್ಲೆಯಲ್ಲಿ ರಾಜಧಾನಿ ಎಕ್ಸ್‌ಪ್ರೆಸ್ ಹಿಂಡಿಗೆ ಬಡಿದು ಏಳು ಆನೆಗಳು ಸತ್ತಾಗ, ಆ ಜಾಗ ಅಧಿಕೃತವಾಗಿ ಗುರುತಿಸಲಾದ ಆನೆ ಕಾರಿಡಾರ್ ಅಲ್ಲ ಎಂದು ರೈಲ್ವೆ ಹೇಳಿತು. ಯಂತ್ರವನ್ನು ಎಲ್ಲಿ ಕೂರಿಸಬೇಕೆಂದು ಹೇಳಿದ್ದು ನಮ್ಮ ನಕ್ಷೆ. ಆನೆ ನಡೆದದ್ದು ತನ್ನ ದಾರಿಯಲ್ಲಿ.

ಈಗ ಅದೇ ಎಚ್ಚರಿಕೆಯನ್ನು ಕಾಫಿ ತೋಟಕ್ಕೆ ತನ್ನಿ. ಹಾಸನದಲ್ಲಿ ಇಂದು ಎಸ್‌ಎಂಎಸ್, ಧ್ವನಿಕರೆ, ವಾಟ್ಸ್‌ಆ್ಯಪ್ ಗುಂಪು, ರಸ್ತೆ ಬದಿಯ ಎಲ್‌ಇಡಿ ಫಲಕ ಎಲ್ಲವೂ ಇವೆ. ಆನೆ ಕಾರ್ಯಪಡೆಯ ಹುಡುಗರು ರಾತ್ರಿಯಿಡೀ ಹಿಂಡಿನ ಜಾಡು ಹಿಡಿದು, ಪ್ರಾಣ ಪಣಕ್ಕಿಟ್ಟು, ಬೆಳಗಾಗುವಷ್ಟರಲ್ಲಿ ಸುದ್ದಿ ಕೊಡುತ್ತಾರೆ. ಅವರಿಗೆ ನಾವು ಕೃತಜ್ಞರಾಗಿರಬೇಕು. ಇಂಥ ಎಚ್ಚರಿಕೆಯ ಸಂದೇಶವೊಂದು ತೋಟದ ಕಾರ್ಮಿಕರು ವಾಸಿಸುವ ಲೈನ್‌ಮನೆಯ ಒಬ್ಬ ಹೆಣ್ಣುಮಗಳ ಫೋನಿಗೆ ಬಂತು ಎಂದಿಟ್ಟುಕೊಳ್ಳಿ. ತಾನು ಕೆಲಸಕ್ಕೆ ಹೋಗಬೇಕಾದ ತಾಕಿನಲ್ಲೇ ಒಂಟಿ ಸಲಗವಿದೆ ಎಂದು ಅದರಲ್ಲಿದೆ. ಅವಳು ಏನು ಮಾಡಬೇಕು? ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಹಣ್ಣು ಕೊಯ್ಲಿನ ಕಾಲದಲ್ಲಿ ಎರಡು ದಿನ ತಪ್ಪಿಸಿಕೊಂಡರೆ ಜಾಗಕ್ಕೆ ಬೇರೆಯವರು ಬರುತ್ತಾರೆ. ಬಳಸುದಾರಿಯಲ್ಲಿ ಹೋಗೋಣವೆಂದರೆ ವಾಹನವಿಲ್ಲ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ದುಡಿಯುತ್ತಿರುವ ಅಸ್ಸಾಮಿನ ಕುಟುಂಬಗಳಿಗಾದರೆ ಸಂದೇಶದ ಕನ್ನಡವೇ ಓದಲು ಬರುವುದಿಲ್ಲ. ಶಾಲೆಗೆ ನಡೆದು ಹೋಗುವ ಮಗುವಿನ ಕೈಯಲ್ಲಿ ಫೋನೇ ಇಲ್ಲ.

ಅವಳು ಹೋದಳು, ಆನೆ ಸಿಕ್ಕಿತು ಎನ್ನಿ. ಎಚ್ಚರಿಕೆ ಕೊಟ್ಟಿದ್ದೆವು, ಅವರು ಕೇಳಲಿಲ್ಲ ಎಂಬ ಮಾತು ಆಗ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಹಿಂದೆ ಅದು ಆಕಸ್ಮಿಕ ಸಾವಾಗುತ್ತಿತ್ತು. ಇಲಾಖೆ, ತೋಟ, ಪಂಚಾಯ್ತಿ ಎಲ್ಲರಿಗೂ ಮುಜುಗರವಾಗುತ್ತಿತ್ತು. ಈಗ ಸರ್ವರಿನಲ್ಲಿ ಸಂದೇಶ ತಲುಪಿದ ಹೊತ್ತು ನಿಮಿಷ ಸಹಿತ ದಾಖಲಾಗಿದೆ. ಆ ದಾಖಲೆ ಸತ್ತವಳ ವಿರುದ್ಧದ ಸಾಕ್ಷಿಯಾಗಿ ನಿಲ್ಲುತ್ತದೆ. ಒಳ್ಳೆಯದಕ್ಕೆಂದು ಕಟ್ಟಿದ ತಂತ್ರಜ್ಞಾನ ಮಾಡಬಹುದಾದ ಅತಿ ದೊಡ್ಡ ಅನ್ಯಾಯ ಇದು ಎಂದು ನಾನು ತಿಳಿದಿದ್ದೇನೆ. ಇದನ್ನು ಯಾರೂ ಕೆಟ್ಟ ಉದ್ದೇಶದಿಂದ ಮಾಡುವುದಿಲ್ಲ. ಹೊಣೆ ಯಾರದೆಂದು ಮೊದಲೇ ಬರೆದಿಡದ ಕಡೆ ಅದು ತಾನಾಗಿಯೇ ಬಡವರ ಕಡೆಗೆ ಹರಿಯುತ್ತದೆ.

ಯಂತ್ರದ ಒಳಗೂ ಇಂಥದೇ ಒಂದು ತೀರ್ಮಾನ ಅಡಗಿದೆ. ಯಾವ ಯಂತ್ರವೂ ‘ಇದು ಆನೆ’ ಎಂದು ಖಚಿತವಾಗಿ ಹೇಳುವುದಿಲ್ಲ. ಆನೆ ಇರುವ ಸಂಭವ ಇಷ್ಟು ಎನ್ನುತ್ತದೆ. ಎಷ್ಟು ಸಂಭವವಿದ್ದರೆ ಗಂಟೆ ಹೊಡೆಯಬೇಕು ಎಂಬ ಮಿತಿಯನ್ನು ಮನುಷ್ಯರೇ ನಿಗದಿ ಮಾಡುತ್ತಾರೆ. ಮಿತಿ ಕೆಳಗಿಳಿಸಿದರೆ ದನ ಹಾದರೂ ಮರ ಅಲುಗಿದರೂ ಗಂಟೆ ಹೊಡೆದು, ಕೊನೆಗೆ ಯಾರೂ ಕಿವಿಗೊಡುವುದಿಲ್ಲ. ಮೇಲೇರಿಸಿದರೆ ಮಂಜಿನಲ್ಲಿ ಅರ್ಧ ಮರೆಯಾದ ನಿಜವಾದ ಆನೆ ತಪ್ಪಿಹೋಗುತ್ತದೆ. ತಡವಾದ ರೈಲಿನ ನಷ್ಟ ಎಷ್ಟು, ಒಂದು ದಿನ ನಿಂತ ಕೊಯ್ಲಿನ ನಷ್ಟ ಎಷ್ಟು, ಒಂದು ಜೀವದ ನಷ್ಟ ಎಷ್ಟು ಎಂದು ತೂಗಿಯೇ ಆ ಮಿತಿಯನ್ನು ಇಡಬೇಕು. ಆ ತೂಕ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಇಬ್ಬರು ಎಂಜಿನಿಯರುಗಳ ನಡುವೆ ಮುಗಿದುಹೋಗುವುದು ಸರಿಯಲ್ಲ. ಆ ಎಂಜಿನಿಯರುಗಳು ಎಷ್ಟೇ ಸಜ್ಜನರಾಗಿದ್ದರೂ, ಬೆಳಗಿನ ಜಾವ ಆ ದಾರಿಯಲ್ಲಿ ನಡೆಯುವವರು ಅವರಲ್ಲ.

ನಡೆಯುವವರನ್ನು ಕೇಳದೆ ಕೂರಿಸಿದ ಸಾಧನ ಏನು ಮಾಡಬಲ್ಲದು ಎಂಬುದಕ್ಕೆ ಉತ್ತರಾಖಂಡದ ಕಾರ್ಬೆಟ್‌ನಿಂದ ಬಂದ ಒಂದು ಅಧ್ಯಯನ ಕಣ್ಣು ತೆರೆಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ತ್ರಿಶಾಂತ್ ಸಿಮ್ಲಾಯಿ ಹದಿನಾಲ್ಕು ತಿಂಗಳು ಅಲ್ಲಿದ್ದು 270 ಜನರೊಡನೆ ಮಾತಾಡಿ 2024ರಲ್ಲಿ ಅದನ್ನು ಪ್ರಕಟಿಸಿದರು. ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾಗಳಲ್ಲಿ ಸೌದೆ, ಹುಲ್ಲಿಗೆ ಕಾಡಿಗೆ ಹೋಗುವ ಹೆಂಗಸರ ಚಿತ್ರಗಳು ಬಿದ್ದವು; ಬಹಿರ್ದೆಸೆಗೆ ಹೋಗಿದ್ದ ಒಬ್ಬಾಕೆಯ ಚಿತ್ರ ಫೋನಿನಿಂದ ಫೋನಿಗೆ ಹರಡಿತು. ಸಿಟ್ಟಿಗೆದ್ದ ಊರಿನವರು ಕ್ಯಾಮೆರಾ ಒಡೆದರು. ನನ್ನನ್ನು ತಟ್ಟಿದ ಇನ್ನೊಂದು ಸಂಗತಿ ಅದರಲ್ಲಿದೆ. ಆ ಹೆಂಗಸರು ಕಾಡಿನಲ್ಲಿ ಜೋರಾಗಿ ಮಾತಾಡುತ್ತ ಹಾಡುತ್ತ ನಡೆಯುತ್ತಿದ್ದವರು. ಸದ್ದು ಕೇಳಿ ಹುಲಿ, ಆನೆ ದೂರ ಸರಿಯುತ್ತಿದ್ದವು. ಯಾರೋ ನೋಡುತ್ತಿದ್ದಾರೆ ಎಂಬ ಅಳುಕಿನಿಂದ ಅವರ ದನಿ ತಗ್ಗಿತು. ಪ್ರಾಣಿಗೆ ಥಟ್ಟನೆ ಎದುರಾಗುವ ಅಪಾಯ ಹೆಚ್ಚಿತು. ತಲೆಮಾರುಗಳಿಂದ ಅವರೇ ಕಟ್ಟಿಕೊಂಡಿದ್ದ ಎಚ್ಚರಿಕೆಯ ವ್ಯವಸ್ಥೆಯೊಂದು ಕ್ಯಾಮೆರಾದ ಮುಂದೆ ಮುಗ್ಗರಿಸಿತು. ಆ ಹಾಡಿಗೂ ಒಂದು ಉಪಯೋಗವಿದೆ ಎಂದು ಯೋಜನೆ ಬರೆದವರಿಗೆ ತಿಳಿಯಲು ಆ ಹೆಂಗಸರೊಡನೆ ಒಂದು ಮಧ್ಯಾಹ್ನ ಕೂತು ಮಾತಾಡಿದ್ದರೆ ಸಾಕಿತ್ತು.

ಇನ್ನು ಇದಕ್ಕೆ ಎದುರಾದ, ಹೃದಯಕ್ಕೆ ಹತ್ತಿರವಾಗುವ ಒಂದು ಉದಾಹರಣೆ ನಮ್ಮಲ್ಲೇ ಇದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯ ಕೃತಿ ಕಾರಂತ ಮತ್ತು ಅವರ ತಂಡ 2015ರಲ್ಲಿ ಬಂಡೀಪುರ, ನಾಗರಹೊಳೆಯ ಸುತ್ತಲಿನ ಹಳ್ಳಿಗಳಿಗೆ ‘ವೈಲ್ಡ್ ಸೇವೆ’ಯನ್ನು ಶುರು ಮಾಡಿತು. ಆನೆ ಬೆಳೆ ತುಳಿದರೆ, ಹುಲಿ ದನ ಹೊಡೆದರೆ ರೈತ ಒಂದು ಉಚಿತ ಸಂಖ್ಯೆಗೆ ಕರೆ ಮಾಡುತ್ತಾನೆ. ತಂಡದವರು ಬಂದು ಜಾಗದ ಫೋಟೊ ತೆಗೆದು, ಕಾಗದಪತ್ರ ಜೋಡಿಸಿ, ಪರಿಹಾರದ ಅರ್ಜಿಯನ್ನು ಇಲಾಖೆಗೆ ಸಲ್ಲಿಸುತ್ತಾರೆ. ಅರ್ಜಿ ಎಲ್ಲಿದೆ ಎಂದು ಹಿಂಬಾಲಿಸುತ್ತಾರೆ. ತಂತ್ರಜ್ಞಾನವೆಂದು ಹೇಳಿಕೊಳ್ಳುವಂಥದ್ದು ಇದರಲ್ಲಿ ಹೆಚ್ಚೇನಿಲ್ಲ. ಆದರೆ ಸುದ್ದಿ ಹರಿಯುವ ದಿಕ್ಕು ಇಲ್ಲಿ ಬೇರೆ. ಊರಿನವನು ಹೇಳುತ್ತಾನೆ, ಉತ್ತರ ಕೊಡಬೇಕಾದದ್ದು ಸರ್ಕಾರ. ಪರಿಹಾರ ಸಿಗುತ್ತದೆ ಎಂಬ ನಂಬಿಕೆ ಇದ್ದ ರೈತ ಬೇಲಿಗೆ ನೇರ ವಿದ್ಯುತ್ ಹರಿಸಲು ಹೊರಡುವುದಿಲ್ಲ. ಆನೆ ಉಳಿಯುವುದಕ್ಕೂ ಅದೇ ದಾರಿ.

ನನ್ನ ವಾದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ತೂಕವುಳ್ಳದ್ದು. ಎಚ್ಚರಿಸುವವರ ಮೇಲೆ ಹೊಣೆ ಹೊರಿಸಿದರೆ ಯಾರೂ ಎಚ್ಚರಿಸಲು ಮುಂದೆ ಬರುವುದಿಲ್ಲ. ಸಣ್ಣ ಸಂಸ್ಥೆಗಳು ಕೈಬಿಡುತ್ತವೆ, ಅಧಿಕಾರಿಗಳು ಖಾತ್ರಿಯಾಗದೆ ಸಂದೇಶ ಕಳಿಸುವುದಿಲ್ಲ. ಆಗ ಸಾವು ಇನ್ನೂ ಹೆಚ್ಚುತ್ತದೆ. ನಿಜ. ಅದಕ್ಕೇ ಎರಡು ತಪ್ಪುಗಳನ್ನು ಬೇರೆ ಬೇರೆ ನೋಡಬೇಕು. ಯಂತ್ರ ಆನೆಯನ್ನು ಕಾಣದೆಹೋದರೆ ಅದಕ್ಕೆ ಯಾರನ್ನೂ ಶಿಕ್ಷಿಸಬಾರದು. ದಟ್ಟ ಕಾಡಿನ ಕೆಳಗೆ ಕಾಲರಿನ ಸಂಕೇತ ಕ್ಷೀಣಿಸುತ್ತದೆ. ಬ್ಯಾಟರಿ ಉಳಿಸಲು ಅದು ಗಂಟೆಗಳ ಅಂತರದಲ್ಲಿ ಮಾತ್ರ ಜಾಗ ತಿಳಿಸುತ್ತದೆ, ಅಷ್ಟರಲ್ಲಿ ಆನೆ ಮೈಲುಗಟ್ಟಲೆ ನಡೆದಿರುತ್ತದೆ. ಹಿಂಡಿನ ಹಿರಿಯ ಹೆಣ್ಣಾನೆಗೆ ಕಾಲರ್ ಕಟ್ಟಿದರೆ ಇಡೀ ಹಿಂಡಿನ ಜಾಡು ಸಿಗುತ್ತದೆ, ಆದರೆ ಜನರ ಸಾವಿಗೆ ಹೆಚ್ಚಾಗಿ ಕಾರಣವಾಗುವ ಒಂಟಿ ಗಂಡುಗಳು ಯಾರ ಜೊತೆಗೂ ಇರುವುದಿಲ್ಲ. ಇವೆಲ್ಲ ಪ್ರಾಮಾಣಿಕ ಮಿತಿಗಳು. ಗೊತ್ತಾದ ಮೇಲೂ ಕೈಕಟ್ಟಿ ಕೂರುವುದು ಬೇರೆ. ಸುದ್ದಿ ತಮ್ಮ ಫೋನಿಗೂ ಬಂದಿದೆ ಎಂದು ತಿಳಿದಿದ್ದೂ ಆ ತಾಕಿಗೇ ಆಳು ಕಳಿಸಿದ ತೋಟಕ್ಕೆ, ಪಕ್ಕದ ರಾಜ್ಯಕ್ಕೆ ತಿಳಿಸದೆ ಕೂತ ಕಚೇರಿಗೆ ಈ ರಿಯಾಯಿತಿ ಸಲ್ಲದು.

ತೋಟದ ಮಾಲೀಕರಿಗೆ ಇದು ಹೊಸ ಹೊರೆ ಎನ್ನುವಂತಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯೇ ದೊಡ್ಡ ತೋಟಗಳಲ್ಲಿ ಕಾರ್ಮಿಕರ ಮನೆ, ಕುಡಿಯುವ ನೀರು, ಶೌಚಾಲಯ, ಚಿಕಿತ್ಸೆಯನ್ನು ಮಾಲೀಕರ ಕರ್ತವ್ಯವೆಂದು ಹೇಳಿತ್ತು. ಆನೆಯ ಸುದ್ದಿ ಬಂದ ದಿನ ತಾಕು ಬದಲಿಸುವುದು, ಬದಲಿಸಲಾಗದಿದ್ದರೆ ಪೂರ್ತಿ ಕೂಲಿ ಕೊಟ್ಟು ರಜೆ ಕೊಡುವುದು ಆ ಸಾಲಿಗೇ ಸೇರಬೇಕಾದ ಕರ್ತವ್ಯ. ಹಗಲು ಹೊತ್ತು ಆನೆಗಳು ಸಾಮಾನ್ಯವಾಗಿ ಒಂದು ಪೊದೆಗಾಡಿನಲ್ಲೋ ನೆರಳಿನ ತೋಟದಲ್ಲೋ ತಂಗಿರುತ್ತವೆ. ಬೆಳಿಗ್ಗೆ ಬಂದ ಸುದ್ದಿಯ ಮೇಲೆ ಅಂದಿನ ಕೆಲಸವನ್ನು ಆಚೆ ತುದಿಗೆ ಸರಿಸಲು ಕೆಲಸ ಹಂಚುವ ತೋಟದ ರೈಟರಿಗೆ ಕಾಲಾವಕಾಶ ಇದ್ದೇ ಇರುತ್ತದೆ. ಸಣ್ಣ ಬೆಳೆಗಾರರ ಮಾತು ಬೇರೆ. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಅವರೇ. ಎರಡು ಎಕರೆಯವನು ಕೊಯ್ಲಿನ ನಡುವೆ ಖಾಲಿ ದಿನದ ಕೂಲಿ ಎಲ್ಲಿಂದ ತಂದಾನು? ಅದನ್ನು ಸರ್ಕಾರ ಭರಿಸಬೇಕು. ಆನೆ ನಾಡಿನ ಆಸ್ತಿ ಎನ್ನುವುದಾದರೆ ಆನೆ ಬಂದ ದಿನದ ಕೂಲಿಯೂ ನಾಡಿನ ಖರ್ಚೇ. ಸತ್ತ ಮೇಲೆ ಕೊಡುವ ಲಕ್ಷಗಳಿಗೆ ಹೋಲಿಸಿದರೆ ಅದು ಅಲ್ಪ.

ಆನೆಯ ಕಡೆಗೆ ನಮಗಿರುವ ಕರ್ತವ್ಯವೂ ಇದೆ. ಮದುಕ್ಕರೈ ಭಾಗದಲ್ಲಿ ಕ್ಯಾಮೆರಾಗಳ ಜೊತೆಗೆ ಹಳಿಯ ಕೆಳಗೆ ಆನೆ ದಾಟಲು ಸುರಂಗದಾರಿಗಳನ್ನೂ ಕಟ್ಟಿದ್ದಾರೆ ಎಂಬುದನ್ನು ಮರೆಯಬಾರದು. ದಾರಿ ಕೊಟ್ಟು ಕಾವಲು ಕಾಯುವುದು ಒಂದು. ದಾರಿಯನ್ನೆಲ್ಲ ಕಂದಕ, ರೈಲು ಕಂಬಿಯ ಬೇಲಿ, ರೆಸಾರ್ಟುಗಳಿಂದ ಮುಚ್ಚಿ ಆಮೇಲೆ ಆನೆ ಎಲ್ಲಿ ಅಂಡಲೆಯುತ್ತಿದೆ ಎಂದು ಯಂತ್ರದಿಂದ ನೋಡುತ್ತ ಕೂರುವುದು ಇನ್ನೊಂದು. ಆಲೂರು ಭಾಗದಿಂದ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಹಾಸನದಲ್ಲಿ ಆನೆಗಳು ಇವೆ, ಜನರೂ ಸಾಯುತ್ತಿದ್ದಾರೆ. ಎಲ್ಲಿಂದ ಬರುತ್ತವೆ, ಯಾವ ತುಂಡು ಕಾಡನ್ನು ಯಾವುದಕ್ಕೆ ಜೋಡಿಸಿದರೆ ಹೊರಹೋಗುತ್ತವೆ ಎಂದು ಕಾಲರುಗಳು ಇಷ್ಟು ವರ್ಷ ಕೂಡಿಟ್ಟ ಮಾಹಿತಿಯೇ ಹೇಳಬಲ್ಲದು. ಆ ಮಾಹಿತಿ ಬೆಳಗಿನ ಸಂದೇಶಕ್ಕೆ ಬಳಕೆಯಾದಷ್ಟು ಭೂಮಿಯ ಬಳಕೆಯ ತೀರ್ಮಾನಗಳಿಗೆ ಬಳಕೆಯಾಗಿಲ್ಲ.

ಮುಂದಿನ ವರ್ಷಗಳಲ್ಲಿ ನಮ್ಮ ಮಲೆನಾಡಿಗೆ ಇನ್ನಷ್ಟು ಕ್ಯಾಮೆರಾಗಳು ಬರುತ್ತವೆ, ಬರಲಿ. ಅವುಗಳ ಟೆಂಡರಿನಲ್ಲಿ ನೂರಕ್ಕೆ ಎಷ್ಟು ಸಲ ಆನೆಯನ್ನು ಸರಿಯಾಗಿ ಗುರುತಿಸುತ್ತದೆ ಎಂದು ಕೇಳುವ ಕಲಮಿನ ಪಕ್ಕದಲ್ಲೇ ಇನ್ನೂ ಕೆಲವನ್ನು ಬರೆಯಲು ನಾವು ಒತ್ತಾಯಿಸಬೇಕು: ಗುರುತಿಸಿದ ಎಷ್ಟು ನಿಮಿಷದಲ್ಲಿ ಶಾಲೆಯ ಮಕ್ಕಳಿಗೆ ವಾಹನ ಬರುತ್ತದೆ, ಅದನ್ನು ಕಳಿಸುವ ಅಧಿಕಾರಿಯ ಹುದ್ದೆ ಯಾವುದು, ಅಸ್ಸಾಮಿ ಮಾತಾಡುವವರಿಗೆ ಕರೆ ಯಾವ ಭಾಷೆಯಲ್ಲಿ ಹೋಗುತ್ತದೆ, ಅಂದಿನ ಕೂಲಿ ಯಾವ ಲೆಕ್ಕದಿಂದ ಸಂದಾಯವಾಗುತ್ತದೆ. ಪ್ರತಿ ಎಚ್ಚರಿಕೆಯ ಮುಂದೆ ಏನು ಕ್ರಮ ಕೈಗೊಂಡರು ಎಂಬುದನ್ನು ಬರೆದ ಪುಸ್ತಕ ಗ್ರಾಮಸಭೆಯ ಮುಂದೆ ತಿಂಗಳಿಗೊಮ್ಮೆ ಬರಬೇಕು, ಲೈನ್‌ಮನೆಯವರೂ ಆ ಸಭೆಯಲ್ಲಿ ಕೂತಿರಬೇಕು, ಕ್ರಮದ ಕಲಂ ಖಾಲಿ ಇದ್ದ ದಿನಗಳ ಬಗ್ಗೆ ಅವರು ಕೇಳಿದ್ದಕ್ಕೆ ಅಲ್ಲೇ ಉತ್ತರ ಸಿಗಬೇಕು.